ಮಿಶನ್ ಶಾಲೆಯ ಬೆಳಗಿನ ಪ್ರಾರ್ಥನೆ: ಹುಮನಾಬಾದ್–ಬಸವಕಲ್ಯಾಣದ ಕೆಲವು ನೆನಪುಗಳು, ಒಂದಿಷ್ಟು ಇತಿಹಾಸ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿ ಬಹಳ ಹೊತ್ತು ಮಾತನಾಡಿದಳು. ಆಕೆ ಈಗ ಕ್ರೈಸ್ತ ಆಡಳಿತದ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಕೊಂಚ ಸಂಕೋಚದಿಂದ ಕೇಳಿದಳು: "ಸರ್, ನಮ್ಮ ಶಾಲೆಯ ಹೆಚ್ಚಿನ ಮಕ್ಕಳು ಬೇರೆ ಬೇರೆ ಧರ್ಮದ ಮನೆಗಳಿಂದ ಬರುತ್ತಾರೆ. ಬೆಳಗಿನ ಪ್ರಾರ್ಥನೆಯ ಹೊಣೆಯನ್ನು ಈ ವರ್ಷ ನನಗೆ ವಹಿಸಿದ್ದಾರೆ. ಅದನ್ನು ಹೇಗೆ ನಡೆಸಬೇಕೆಂದು ತಿಳಿಯದಾಗಿದೆ. ನೀವು ಹೇಗೆ ನಡೆಸುತ್ತಿದ್ದಿರಿ?" ನಾನು ಆ ಕ್ಷಣಕ್ಕೆ ಏನೋ ಉತ್ತರ ಹೇಳಿದೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಏಕೆಂದರೆ ಈ ವಿಷಯದಲ್ಲಿ ನಾನು ಮೊದಲು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಇದುವರೆಗೆ ಯಾರಿಗೂ ವಿವರವಾಗಿ ಹೇಳಿರಲಿಲ್ಲ. ಆಕೆಯ ನೆಪದಲ್ಲಿ ಈಗ ನಿಮ್ಮೆಲ್ಲರ ಮುಂದೆ ಹೇಳಬೇಕೆನಿಸಿದೆ. ಅದಕ್ಕೆ ಮೊದಲು, ನಮ್ಮ ಶಾಲೆಗಳು ನಿಂತಿದ್ದ ನೆಲ ಯಾವುದು, ಅವು ಏತಕ್ಕಾಗಿ ಹುಟ್ಟಿದವು ಎಂಬುದನ್ನು ಸ್ವಲ್ಪ ಸ್ಮರಿಸಿಕೊಳ್ಳುವುದು ಉಚಿತ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವವರು ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿ, ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಯನ್ನು ಬಿಟ್ಟು ಊರಿನ ಕಡೆಗೆ ತಿರುಗುತ್ತಾರೆ. ಈ ಚಿಕ್ಕ ದಾರಿಯ ಆಚೀಚೆ ಎಷ್ಟೊಂದು ಚರಿತ್ರೆ ಇದೆ ಎಂಬುದನ್ನು ದಿನವೂ ಬಸ್ಸಿನಲ್ಲಿ ಓಡಾಡುವ ನಾವು ಮರೆತೇಬಿಡುತ್ತೇವೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದದ್ದು ಇಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಕಳಚೂರಿ ಬಿಜ್ಜಳನು ಆಳುತ್ತಿದ್ದಾಗ ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹರಳಯ್ಯ ಮೊದಲಾದವರು ಒಂದೇ ನೆಲದ ಮೇಲೆ ಕುಳಿತು ದೇವರ ಕುರಿತು ತಿಳಿಗನ್ನಡದಲ್ಲಿ ಮಾತನಾಡಿದರೆಂಬ ನೆನಪು ಈ ಊರಿನ ಉಸಿರಾಗಿದೆ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾ ಗ್ರಾಮವು ಕಟ್ಟಿಗೆ ಮಾರಿ ದಾಸೋಹ ನಡೆಸಿದ ಮೋಳಿಗೆ ಮಾರಯ್ಯನ ಹೆಸರನ್ನು ಇಂದಿಗೂ ಹೊತ್ತಿದೆ.

ಶತಮಾನಗಳು ಉರುಳಿದ ಮೇಲೆ, ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಮಾಣಿಕಪ್ರಭುಗಳು ಜನಿಸಿದರು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆನಿಂತು, ಎಲ್ಲ ಮತಗಳಿಗೂ ಸಮಾನ ಗೌರವ ಸಲ್ಲಬೇಕೆಂಬ ಸಕಲಮತ ಸಂಪ್ರದಾಯವನ್ನು ಹಾಕಿಕೊಟ್ಟು 1865ರಲ್ಲಿ ಸಮಾಧಿಸ್ಥರಾದರು. ಅವರು ಪದಗಳನ್ನು ಹಾಡಿದ್ದು ಒಂದು ಭಾಷೆಯಲ್ಲಲ್ಲ. ಮರಾಠಿ, ಕನ್ನಡ, ಹಿಂದಿ, ಉರ್ದು ಎಲ್ಲವೂ ಅವರ ನಾಲಿಗೆಯ ಮೇಲಿದ್ದವು. ಇದರೊಂದಿಗೆ ವೀರಭದ್ರೇಶ್ವರನ ಜಾತ್ರೆ, ಸೂಫಿ ಸಂತರ ದರ್ಗಾಗಳ ಉರುಸು. ಇಂತಹ ನೆಲಕ್ಕೆ ಕ್ರೈಸ್ತ ಶಾಲೆ ಬಂದಾಗ ಇಲ್ಲಿನ ಮಗುವಿನ ಮನಸ್ಸು ಬರಿಯ ಹಲಗೆಯಾಗಿರಲಿಲ್ಲ. ಅದರ ಮೇಲೆ ಆಗಲೇ ಬಹಳಷ್ಟು ಬರೆದಿತ್ತು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಕನ್ನಡ ನಾಡಿನಲ್ಲಿ ಮಿಶನ್ ಶಾಲೆಗಳ ಕಥೆ ನಮ್ಮ ಕಡೆಯಿಂದ ಆರಂಭವಾಗುವುದಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಫರ್ಡಿನೆಂಡ್ ಕಿಟ್ಟೆಲ್ ಅವರು 1862ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮದೇ ಛಂದಸ್ಸಿನಲ್ಲಿ ಹಾಡಾಗಿ ಕಟ್ಟಿದರು. ಅವರ ನಿಘಂಟು 1894ರಲ್ಲಿ ಹೊರಬಂದಿತು. ಮಗುವಿಗೆ ದೇವರ ಮಾತನ್ನು ಹೇಳಬೇಕಾದರೆ ಮೊದಲು ಮಗುವಿನ ಮಾತನ್ನು ನಾವು ಕಲಿಯಬೇಕು ಎಂಬುದನ್ನು ಈ ಪರದೇಶದ ವಿದ್ವಾಂಸರು ತಮ್ಮ ದುಡಿಮೆಯಿಂದಲೇ ತೋರಿಸಿಕೊಟ್ಟರು.

ನಮ್ಮ ಬೀದರ್ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯವರು ಇಲ್ಲಿ ಕೆಲಸವನ್ನು ಆರಂಭಿಸಿದರು. ಅವರ ಕಡೆಗೆ ಬಂದವರಲ್ಲಿ ಬಹುಮಂದಿ ಊರ ಹೊರಗೆ ಕೇರಿಗಳಲ್ಲಿ ಬದುಕುತ್ತಿದ್ದ ದಲಿತ ಕುಟುಂಬದವರು. ಹಳ್ಳಿಗಳಲ್ಲಿ ಉಪದೇಶಿಯೇ ಶಿಕ್ಷಕ. ನನ್ನ ತಂದೆಯವರೂ ಅಂಥವರಲ್ಲಿ ಒಬ್ಬರು. ಹಗಲು ಬೇವಿನ ಮರದ ಕೆಳಗೆ ಮಕ್ಕಳಿಗೆ ಅಕ್ಷರ, ಮಗ್ಗಿ. ಇರುಳು ಕಂದೀಲಿನ ಬೆಳಕಿನಲ್ಲಿ ದೊಡ್ಡವರಿಗೆ ಬೈಬಲ್ ಓದು, ಭಜನೆಯ ಧಾಟಿಯ ಗೀತೆಗಳು. ಹೊಲದ ಕೆಲಸವಿಲ್ಲದ ದಿನಗಳಲ್ಲಿ ಮಾತ್ರ ಮಕ್ಕಳು ಬರುತ್ತಿದ್ದರು. ಬಂದವರನ್ನು ಅಲ್ಲಿ ಯಾರೂ ದೂರ ಕೂರಿಸುತ್ತಿರಲಿಲ್ಲ. ಇತರೆಡೆ ಹೊಸ್ತಿಲ ಹೊರಗೆ ನಿಲ್ಲಬೇಕಾಗಿದ್ದ ಮಗು ಇಲ್ಲಿ ಚಾಪೆಯ ಮೇಲೆ ಕುಳಿತು ತನ್ನ ಹೆಸರನ್ನು ತಾನೇ ಬರೆಯುತ್ತಿತ್ತು. ಆ ಮಗುವಿನ ಆತ್ಮಕ್ಕೆ ದೊರೆತ ಮೊದಲ ಪೋಷಣೆ ಯಾವುದೆಂದು ಕೇಳಿದರೆ, ಪ್ರಾರ್ಥನೆಗಿಂತಲೂ ಮೊದಲು ಆ ಚಾಪೆಯೇ ಎಂದು ನಾನು ಹೇಳುವೆ. ಹರಳಯ್ಯನ ಕಲ್ಯಾಣದಲ್ಲಿ ಏಳು ಶತಮಾನಗಳ ಹಿಂದೆ ಆರಂಭವಾಗಿ ರಕ್ತಪಾತದಲ್ಲಿ ಮುರಿದುಬಿದ್ದ ಮಾತು ಆ ಚಾಪೆಯ ಮೇಲೆ ಮತ್ತೆ ಕೇಳಿಬಂತೆಂದು ನನಗೆ ಎಷ್ಟೋ ಸಲ ಅನಿಸಿದೆ.

ಆ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಮೇಲಿನ ತರಗತಿಗಳ ಕಲಿಕೆಯೂ ಬಹುಮಟ್ಟಿಗೆ ಉರ್ದುವಿನಲ್ಲಿಯೇ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿಯನ್ನು ನಮ್ಮ ಜಿಲ್ಲೆಯಲ್ಲಿ ತಿಳಿಯದವರಿಲ್ಲ. ಮಠದ ಅಂಗಳದಲ್ಲಿಯೂ ಮಿಶನ್ನಿನ ಮರದ ಕೆಳಗೂ ಮಗು ತನ್ನ ತಾಯಿಯ ಮಾತಿನಲ್ಲಿ ದೇವರನ್ನು ಕರೆಯುವುದನ್ನು ಕಲಿಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿತು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯದವರಾದೆವು. ಮುಂದೆ ಮಿಶನ್ ಶಾಲೆಗಳ ಹಾಜರಿ ಪುಸ್ತಕವೂ ಬದಲಾಯಿತು. ವ್ಯಾಪಾರಿಗಳ, ರೈತರ, ನೌಕರರ ಮಕ್ಕಳು, ಲಿಂಗಾಯತ, ಮರಾಠ, ಮುಸಲ್ಮಾನ ಮನೆಗಳ ಮಕ್ಕಳು ಬಂದು ಸೇರಿದರು. ನಾನು ಕೆಲಸಕ್ಕೆ ಸೇರಿದ್ದು ಇಂಥ ಹೊತ್ತಿನಲ್ಲಿ.

ಎಪ್ಪತ್ತರ ದಶಕದ ಮಾತು. ಹುಮನಾಬಾದಿನ ಒಂದು ಶಾಲೆಯಲ್ಲಿ ನಾನು ಹೊಸ ಶಿಕ್ಷಕ. ಉತ್ಸಾಹ ಹೆಚ್ಚು, ತಾಳ್ಮೆ ಕಡಿಮೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳೆಲ್ಲ ಕೈಜೋಡಿಸಿ ಕಣ್ಣು ಮುಚ್ಚಬೇಕೆಂಬುದು ನಿಯಮ. ಮೂರನೆಯ ತರಗತಿಯ ಒಬ್ಬ ಹುಡುಗ ಮಾತ್ರ ದಿನವೂ ಕಣ್ಣು ತೆರೆದೇ ನಿಲ್ಲುತ್ತಿದ್ದ. ಒಂದೆರಡು ದಿನ ಗದರಿಸಿದೆ. ಮೂರನೆಯ ದಿನ ಬೆತ್ತದಿಂದ ಅಂಗೈಗೆ ಎರಡು ಏಟು ಕೊಟ್ಟು, ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆ. ಆತ ಅಳಲಿಲ್ಲ. ಬಹಳ ಹೊತ್ತಿನ ಮೇಲೆ, ಎಡ ಅಂಗೈಯನ್ನು ನೋಡಿಕೊಳ್ಳುತ್ತ, "ಕಣ್ಣ ಮುಚ್ಚಿದ್ರ ಲಿಂಗ ಕಾಣಂಗಿಲ್ರೀ ಸರ್. ನಮ್ಮ ಮುತ್ಯಾ ನೋಡ್ಕೋತನ ಪೂಜಿ ಮಾಡ್ತಾನ್ರೀ" ಎಂದ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಅದರಲ್ಲಿ ದೃಷ್ಟಿಯನ್ನು ನೆಟ್ಟು ಪೂಜಿಸುವುದು ಲಿಂಗಾಯತರ ಸಾಧನೆ. ಬಸವಣ್ಣನವರ ಊರಿನಿಂದ ಕೂಗಳತೆಯಷ್ಟು ದೂರದಲ್ಲಿ ಹುಟ್ಟಿ ಬೆಳೆದ ನನಗೆ ಆ ಸಂಗತಿ ಗೊತ್ತಿರಲಿಲ್ಲವೆಂದಲ್ಲ. ಅದು ನನ್ನ ತರಗತಿಗೂ ಸಂಬಂಧಪಟ್ಟದ್ದೆಂದು ನಾನು ಎಂದೂ ಯೋಚಿಸಿರಲಿಲ್ಲ. ಆ ಮಗು ಉದ್ಧಟತನ ಮಾಡಿರಲಿಲ್ಲ. ತನ್ನ ಮನೆಯಲ್ಲಿ ಕಂಡ ಭಕ್ತಿಯನ್ನು ನನ್ನ ಪ್ರಾರ್ಥನೆಗೂ ತಂದಿತ್ತು. ಲಿಂಗವಿಲ್ಲದ ಕಡೆಯೂ ಅದು ದೇವರನ್ನು ಕಣ್ಣಿನಿಂದಲೇ ಹುಡುಕುತ್ತಿತ್ತು. ಅದಕ್ಕೆ ನಾನು ಕೊಟ್ಟದ್ದು ಎರಡು ಏಟು, ಅದೂ ಅದೇ ಅಂಗೈಗೆ.

ಮರುದಿನ ಆತನ ಅಜ್ಜ ಶಾಲೆಗೆ ಬಂದರು. ಬಿಳಿ ಧೋತರ, ತಲೆಗೆ ರುಮಾಲು. ಜಗಳಕ್ಕೆ ಬಂದಿದ್ದಾರೆಂದು ನಾನು ಮಾತುಗಳನ್ನು ಸಿದ್ಧಪಡಿಸಿಕೊಂಡೆ. ಅವರು ನಮಸ್ಕರಿಸಿ ಹೇಳಿದ್ದು ಇಷ್ಟೇ: "ಸರ್, ಹುಡುಗ ತಪ್ಪು ಮಾಡಿದ್ರ ಹೊಡೀರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕಣ್ಣ ಯಾಕ ಮುಚ್ಚಬೇಕಂತ ಒಮ್ಮಿ ತಿಳಿಸಿ ಹೇಳ್ರಿ. ನಂಗೂ ತಿಳ್ಕೋಬೇಕಾಗ್ಯದ." ನನ್ನ ಬಳಿ ಉತ್ತರವಿರಲಿಲ್ಲ. ಬಾಲ್ಯದಿಂದ ಕಣ್ಣು ಮುಚ್ಚಿ ಪ್ರಾರ್ಥಿಸಿದವನು ನಾನು. ಏಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬೈಬಲಿನಲ್ಲಿ ಹುಡುಕಿದರೆ ಕಣ್ಣು ಮುಚ್ಚಬೇಕೆಂಬ ಆಜ್ಞೆ ಎಲ್ಲಿಯೂ ಸಿಗಲಿಲ್ಲ. ಯೇಸು ಕಣ್ಣುಗಳನ್ನು ಆಕಾಶದ ಕಡೆಗೆ ಎತ್ತಿ ಪ್ರಾರ್ಥಿಸಿದನೆಂದೇ ಯೋಹಾನನ ಸುವಾರ್ತೆಯಲ್ಲಿದೆ! ನಾನು ದೇವರ ನಿಯಮವೆಂದು ಕಾಯುತ್ತಿದ್ದುದು ಕೇವಲ ನಮ್ಮ ರೂಢಿಯನ್ನು.

ಈ ಸಂಗತಿಯನ್ನು ನಮ್ಮ ಮುಖ್ಯೋಪಾಧ್ಯಾಯರಿಗೆ ತಿಳಿಸಿದೆ. ಅವರು ಹೆಚ್ಚು ಮಾತನಾಡುವವರಲ್ಲ. ಮುಂದಿನ ಸೋಮವಾರದಿಂದ ಪ್ರಾರ್ಥನೆಯ ಕ್ರಮ ಬದಲಾಯಿತು. ಮೊದಲು ಎರಡು ನಿಮಿಷ ಮೌನ. ಕಣ್ಣು ತೆರೆದಿರಲಿ, ಮುಚ್ಚಿರಲಿ. ಅನಂತರ ಒಂದು ಹಾಡು. ಅನಂತರ ಒಂದು ಕಥೆ. ಕೊನೆಗೆ ಒಂದು ಪ್ರಶ್ನೆ. ಅದಕ್ಕೆ ಉತ್ತರವನ್ನು ಶಿಕ್ಷಕರು ಹೇಳಕೂಡದು. ಕಳ್ಳರು ಹೊಡೆದು ಬಿಸಾಡಿದ ದಾರಿಹೋಕನನ್ನು ಸಮಾರ್ಯದವನು ಎತ್ತಿ ಉಪಚರಿಸಿದ ಕಥೆಯನ್ನು ಹೇಳಿದ ದಿನ, "ನಮ್ಮೂರಿನಲ್ಲಿ ಆ ಸಮಾರ್ಯದವನು ಯಾರು?" ಎಂದು ಕೇಳಿದೆವು. ಮಕ್ಕಳು ಯಾವ ಜಾತಿಯ, ಯಾವ ಮತದ ಯಾರ ಹೆಸರನ್ನು ಹೇಳಬಹುದೆಂದು ನಾವು ಎಣಿಸಿದ್ದೆವೋ ಅದಾವುದೂ ನಡೆಯಲಿಲ್ಲ. ಒಬ್ಬಳು ಆಸ್ಪತ್ರೆಯ ಕಸಗುಡಿಸುವ ಮುದುಕಿಯ ಹೆಸರನ್ನು ಹೇಳಿದಳು. ಇಡೀ ತರಗತಿ ಅದನ್ನು ಒಪ್ಪಿತು.

ಮುಂದೆ ಬಸವಕಲ್ಯಾಣದ ಶಾಲೆಯೊಂದರಲ್ಲಿ ಕೆಲಸ ಮಾಡುವಾಗ ಇದೇ ಕ್ರಮವನ್ನು ತಂದೆವು. ಅಲ್ಲಿ ಇನ್ನೊಂದು ಬಗೆಯ ಆಕ್ಷೇಪ ಎದುರಾಯಿತು, ಅದೂ ನಮ್ಮವರಿಂದಲೇ. ಒಬ್ಬ ಕ್ರೈಸ್ತ ಪಾಲಕರು ನೊಂದು ಹೇಳಿದರು: "ಮೇಷ್ಟ್ರೇ, ನಮ್ಮ ಹಿರಿಯರು ಕೂಲಿಯಲ್ಲಿ ಉಳಿಸಿ ಈ ಸಭೆಯನ್ನೂ ಶಾಲೆಯನ್ನೂ ನಡೆಸಿಕೊಂಡು ಬಂದರು. ಎಲ್ಲರ ಮಕ್ಕಳಿಗೂ ಅವರವರ ಮನೆಯಲ್ಲಿ, ಗುಡಿಯಲ್ಲಿ, ಬೀದಿಯಲ್ಲಿ ದೇವರಿದ್ದಾನೆ. ನಮ್ಮ ಮಕ್ಕಳಿಗೆ ಇರುವುದು ಇದೊಂದೇ ಜಾಗ. ಇಲ್ಲಿಯೂ ನೀವು ಎಲ್ಲವನ್ನೂ ಬೆರೆಸಿ ತಿಳಿನೀರು ಮಾಡಿದರೆ ಅವರು ಏನನ್ನು ಹಿಡಿದುಕೊಂಡು ಬದುಕಬೇಕು?" ಈ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಅಜ್ಜನ ಪ್ರಶ್ನೆ ಎಷ್ಟು ನ್ಯಾಯವಾಗಿತ್ತೋ ಇದೂ ಅಷ್ಟೇ ನ್ಯಾಯವಾಗಿತ್ತು.

ಇವೆರಡರ ನಡುವೆ ದಾರಿ ಹುಡುಕುವವರಿಗೆ ಇತಿಹಾಸವೂ ಕಾನೂನೂ ಸ್ವಲ್ಪ ಬೆಳಕು ಕೊಡುತ್ತವೆ. ಈ ಪ್ರಶ್ನೆ ನಮ್ಮೊಬ್ಬರದಲ್ಲ. ಕಂಪನಿ ಸರ್ಕಾರದ ಪ್ರಾಂತ್ಯಗಳಿಗೆ 1854ರಲ್ಲಿ ಬಂದ ವುಡ್ ಅವರ ಶಿಕ್ಷಣ ಆದೇಶವು, ಸರ್ಕಾರಿ ಶಾಲೆಗಳ ಬೋಧನೆ ಮತಾತೀತವಾಗಿರಲಿ, ಖಾಸಗಿ ಶಾಲೆಗಳಿಗೆ ಮತವನ್ನು ನೋಡದೆ ಸಹಾಯಧನ ದೊರೆಯಲಿ ಎಂದಿತು. 1950ರ ನಮ್ಮ ಸಂವಿಧಾನ ಇನ್ನೂ ಸ್ಪಷ್ಟವಾಗಿದೆ. ಅದರ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 28ನೆಯ ವಿಧಿಯ ಮೂರನೆಯ ಖಂಡವು, ಸರ್ಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಸಮ್ಮತಿಯಿಲ್ಲದೆ, ಚಿಕ್ಕ ಮಕ್ಕಳಾದರೆ ಪಾಲಕರ ಸಮ್ಮತಿಯಿಲ್ಲದೆ, ಧಾರ್ಮಿಕ ಬೋಧನೆಗೂ ಆರಾಧನೆಗೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ. ಒಂದು ವಿಧಿ ನೊಂದ ಆ ಪಾಲಕರ ಪರವಾಗಿದೆ; ಇನ್ನೊಂದು ರುಮಾಲಿನ ಆ ಅಜ್ಜನ ಪರವಾಗಿದೆ. ಎರಡೂ ಒಂದೇ ಗ್ರಂಥದಲ್ಲಿ, ಎರಡು ಅಂಕಿಗಳ ಅಂತರದಲ್ಲಿವೆ.

1986ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಕೇರಳದ ಮೂವರು ಮಕ್ಕಳ ಮೊಕದ್ದಮೆ ಬಂತು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು. ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಶಾಲೆಯಿಂದ ಅವರನ್ನು ಹೊರಹಾಕಿದ್ದು ತಪ್ಪೆಂದು ನ್ಯಾಯಾಲಯ ತೀರ್ಪಿತ್ತಿತು. ಸುಮ್ಮನೆ ನಿಂತ ಮಗುವಿನಲ್ಲಿಯೂ ಗೌರವವಿರಬಹುದು ಎಂಬುದನ್ನು ದೇಶದ ಅತ್ಯುನ್ನತ ನ್ಯಾಯಪೀಠ ಗುರುತಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಕಣ್ಣು ತೆರೆದು ನಿಂತಿದ್ದ ನನ್ನ ಹುಡುಗನ ನೆನಪಾಗಿ ಬಹಳ ಹೊತ್ತು ಪತ್ರಿಕೆಯನ್ನು ಮಡಿಚಿಡಲಾಗಲಿಲ್ಲ. 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಧರ್ಮಗಳ ಬಗೆಗೆ ತಿಳಿವಳಿಕೆ ಕೊಡುವುದು ಬೇರೆ, ಒಂದು ಧರ್ಮವನ್ನು ಬೋಧಿಸುವುದು ಬೇರೆ ಎಂದು ವಿವೇಚಿಸಿತು. ಇನ್ನು, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಮಗುವಿನ ದೇಹ, ಬುದ್ಧಿಗಳ ಜೊತೆಗೆ ಅದರ ಆಧ್ಯಾತ್ಮಿಕ ಬೆಳವಣಿಗೆಗೂ ತಕ್ಕ ಬದುಕು ದೊರೆಯಬೇಕೆಂದು ಅದು ಹೇಳುತ್ತದೆ. ಮಗುವಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವಿದೆಯೆಂದೂ, ಪಾಲಕರ ಮಾರ್ಗದರ್ಶನ ಅದರ ವಯಸ್ಸಿಗೆ ತಕ್ಕಂತಿರಬೇಕೆಂದೂ ಹೇಳುತ್ತದೆ.

ನಾವು ಬಸವಕಲ್ಯಾಣದಲ್ಲಿ ಕಂಡುಕೊಂಡ ದಾರಿ ಇಷ್ಟೇ. ಬೆಳಗಿನ ಸಭೆ ಎಲ್ಲರದು: ಮೌನ, ಹಾಡು, ಕಥೆ, ಪ್ರಶ್ನೆ. ಬೈಬಲಿನ ಕಥೆಗಳನ್ನು ಮರೆಮಾಚದೆ ಹೇಳುತ್ತಿದ್ದೆವು, ಏಕೆಂದರೆ ಅದು ಕ್ರೈಸ್ತ ಶಾಲೆ. ವಚನಗಳನ್ನೂ ಸರ್ವಜ್ಞನ ತ್ರಿಪದಿಗಳನ್ನೂ ಹೇಳಿಸುತ್ತಿದ್ದೆವು, ಏಕೆಂದರೆ ಅದು ಕಲ್ಯಾಣ. ಆರಾಧನೆ ಮಾತ್ರ ಬೇರೆ. ಕ್ರೈಸ್ತ ಮಕ್ಕಳಿಗೆ ವಾರದಲ್ಲಿ ಎರಡು ದಿನ ಶಾಲೆ ಬಿಟ್ಟ ಮೇಲೆ ಪ್ರತ್ಯೇಕ ತರಗತಿ. ಅಲ್ಲಿ ಕೀರ್ತನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆವು, ಕರ್ತನ ಪ್ರಾರ್ಥನೆಯ ಒಂದೊಂದು ಮಾತಿನ ಅರ್ಥವನ್ನು ಬಿಡಿಸಿ ಹೇಳುತ್ತಿದ್ದೆವು, ಹಿರಿಯರು ಹಾಡಿದ ಗೀತೆಗಳನ್ನು ಅವರ ಧಾಟಿಯಲ್ಲಿಯೇ ಕಲಿಸುತ್ತಿದ್ದೆವು. ಅದು ತಿಳಿನೀರಾಗಿರಲಿಲ್ಲ. ಆ ನೊಂದ ಪಾಲಕರೇ ಕೆಲವು ಸಂಜೆ ಬಂದು ಹಾರ್ಮೋನಿಯಂ ನುಡಿಸಿದರು. ಬೇರೆ ಮನೆಯ ಮಕ್ಕಳು ಆ ತರಗತಿಗೆ ಬರುತ್ತೇನೆಂದರೆ ಮನೆಯವರ ಒಪ್ಪಿಗೆ ತರಲು ಹೇಳುತ್ತಿದ್ದೆವು. ತಂದವರು ಕೆಲವರು, ತರದವರನ್ನು ಎಂದೂ ಕೀಳಾಗಿ ಕಾಣಲಿಲ್ಲ.

ಇದರಿಂದ ನಮ್ಮ ಮಕ್ಕಳ ನಂಬಿಕೆ ಸಡಿಲವಾಗುವುದಿಲ್ಲವೇ ಎಂದು ಬಂಧುಗಳಲ್ಲಿ ಕೆಲವರು ನನ್ನನ್ನು ಕೇಳಿದ್ದುಂಟು. ಅವರಿಗೆ ನಾನು ಉತ್ತಂಗಿ ಚನ್ನಪ್ಪನವರ ಹೆಸರನ್ನು ಹೇಳುತ್ತಿದ್ದೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ಬಾಳಿದವರು ಅವರು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಮೋಳಿಗೆ ಮಾರಯ್ಯನ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪ ಇತ್ತೇ ಇಲ್ಲವೇ ಎಂಬ ಸಂದೇಹ ಎದ್ದಾಗ, 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥವನ್ನು ಬರೆದು ಅದರ ಪರವಾಗಿ ನಿಂತವರು ಈ ಕ್ರೈಸ್ತ ಪಾದ್ರಿಗಳು. 1949ರಲ್ಲಿ ನಮ್ಮ ಕಲಬುರಗಿಯಲ್ಲಿಯೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರೈಸ್ತರೇ. ನೆರೆಮನೆಯ ದೀಪದ ಬತ್ತಿಯನ್ನು ಸರಿಪಡಿಸಿದ್ದರಿಂದ ಅವರ ಮನೆಯ ದೀಪವೇನೂ ಆರಲಿಲ್ಲ.

ಹಾಗೆಂದು ನಮ್ಮ ಕ್ರಮದಲ್ಲಿ ಕೊರತೆಯಿರಲಿಲ್ಲವೆಂದು ಹೇಳಲಾರೆ. ಪರೀಕ್ಷೆಯ ದಿನಗಳಲ್ಲಿ ಮೌನದ ಎರಡು ನಿಮಿಷ ಮೊದಲು ಮಾಯವಾಗುತ್ತಿತ್ತು. ಕೆಲವು ಶಿಕ್ಷಕರು ಪ್ರಶ್ನೆ ಕೇಳಿ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಅವರಲ್ಲಿ ನಾನೂ ಒಬ್ಬ. ಮಗುವಿನ ಒಳಗೆ ಏನು ಬೆಳೆಯಿತೆಂಬುದಕ್ಕೆ ಅಂಕಪಟ್ಟಿಯಲ್ಲಿ ಅಂಕಣವಿಲ್ಲ. ಪೆನ್ಸಿಲ್ ಸಿಕ್ಕಿತೆಂದು ತಂದುಕೊಡುವ ಕೈ, ಬುತ್ತಿ ತರದವನ ಮುಂದೆ ಸರಿಯುವ ಅರ್ಧ ರೊಟ್ಟಿ, ಸುಳ್ಳು ಹೇಳಿದ ಮೇಲೆ ತಾನಾಗಿ ಬಂದು ನಿಲ್ಲುವ ಮುಖ, ಇವುಗಳಲ್ಲಿ ಮಾತ್ರ ಅದನ್ನು ಓದಬೇಕು. ಅದನ್ನು ಓದಲು ಶಿಕ್ಷಕರೇ ಕಣ್ಣು ತೆರೆದಿರಬೇಕು.

ಆದ್ದರಿಂದ, ಫೋನಿನಲ್ಲಿ ಕೇಳಿದ ನನ್ನ ಪ್ರೀತಿಯ ವಿದ್ಯಾರ್ಥಿನಿಗೆ ಈಗ ಹೇಳುವುದಿಷ್ಟು, ತಂಗಿ: ನಿನ್ನ ನಂಬಿಕೆಯನ್ನು ಬಚ್ಚಿಡಬೇಡ, ಮಗು ತನ್ನ ನಂಬಿಕೆಯನ್ನು ಬಚ್ಚಿಡುವಂತೆಯೂ ಮಾಡಬೇಡ. ಯಾವ ನಿಯಮವನ್ನು ಹಾಕುವ ಮುನ್ನವೂ ಆ ಅಜ್ಜನ "ಯಾಕ?" ಎಂಬ ಪ್ರಶ್ನೆಯನ್ನು ನಿನಗೆ ನೀನೇ ಕೇಳಿಕೋ. ಉತ್ತರ ಸಿಗದಿದ್ದರೆ ಬೆತ್ತವನ್ನಂತೂ ಎತ್ತಬೇಡ.

ಕೊನೆಯದಾಗಿ ಒಂದು ಮಾತು. ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ನಾಲ್ಕನೆಯ ತರಗತಿಯ ಅನಂತರ ಅವರ ಕುಟುಂಬ ಬೇರೆ ಊರಿಗೆ ಹೋಯಿತು. ಅಜ್ಜನ ಮುಂದೆ ನಾನು ತಲೆತಗ್ಗಿಸಿ ನಿಂತೆನೇ ಹೊರತು, ತಪ್ಪಾಯಿತೆಂದು ಹುಡುಗನಿಗೆ ಬಾಯಿಬಿಟ್ಟು ಹೇಳಲಿಲ್ಲ. ಶಿಕ್ಷಕನಾದವನು ಮಗುವಿನ ಕ್ಷಮೆ ಕೇಳುವುದು ಆಗಿನ ಕಾಲಕ್ಕೆ ಊಹಿಸಲಾಗದ ಮಾತಾಗಿತ್ತು. ಯಾರ ಮೂಲಕವಾದರೂ ಈ ಬರಹ ಅವನ ಕೈ ಸೇರಿದರೆ, ಅಂದು ಹೇಳದೆ ಉಳಿದ ಮಾತನ್ನು ಇಂದು ಹೇಳುತ್ತಿದ್ದೇನೆ: ತಪ್ಪು ನನ್ನದಾಗಿತ್ತಪ್ಪ, ಕ್ಷಮಿಸು.

ನಿಮ್ಮ ನೆನಪಿನಲ್ಲಿಯೂ ಇಂತಹ ಸಂಗತಿಗಳಿದ್ದರೆ, ನನ್ನಿಂದಲೇ ಆದ ನೋವಿದ್ದರೂ ಸರಿಯೇ, ತಿಳಿಸಿ. ಈ ವಯಸ್ಸಿನಲ್ಲಿ ಕಲಿಯಲು ಸಮಯ ಕಡಿಮೆ, ಬಿಡುವು ಮಾತ್ರ ಬಹಳ ಇದೆ.



ನಿಮ್ಮ ಮೇಷ್ಟ್ರು